ಹೊಗೆಗುಂಡಿನೊಳಗಿನ ಬೆಂಕಿ

ಜರ್ಸಿ ಸಿಟಿಯ ಲಿಬರ್ಟಿ ಸ್ಟೇಟ್ ಪಾರ್ಕಿಗೆ ಬಂದವರು ಸ್ವಾತಂತ್ರ್ಯ ದೇವಿಯ ಪ್ರತಿಮೆಯನ್ನು ನೋಡುತ್ತ ನಿಲ್ಲುತ್ತಾರೆ. ಆ ಪಾರ್ಕಿನ ಒಂದು ಭಾಗಕ್ಕೆ ಹಿಂದೆ ಬ್ಲ್ಯಾಕ್ ಟಾಮ್ ಎಂಬ ಹೆಸರಿತ್ತು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಯುರೋಪಿಗೆ ಹೊರಟ ಮದ್ದುಗುಂಡು ರೈಲಿನಿಂದಿಳಿದು ಹಡಗೇರುತ್ತಿದ್ದುದು ಇಲ್ಲಿಯೇ. 1916ರ ಜುಲೈ 30ರ ನಡುರಾತ್ರಿ ಕಳೆದು ಎರಡು ಗಂಟೆಯ ಸುಮಾರಿಗೆ, ಜರ್ಮನಿಯ ಗೂಢಚಾರರ ಕೈವಾಡದಿಂದ ಹೊತ್ತಿಕೊಂಡ ಬೆಂಕಿಗೆ ಆ ದಾಸ್ತಾನು ಸಿಡಿಯಿತು. ನದಿಯಾಚೆ ಮ್ಯಾನ್‌ಹಟನ್ನಿನ ಕಿಟಕಿ ಗಾಜುಗಳು ಪುಡಿಪುಡಿಯಾದವು. ಎಲ್ಲಿಸ್ ದ್ವೀಪದಲ್ಲಿದ್ದ ವಲಸಿಗರನ್ನು ದೋಣಿಗಳಲ್ಲಿ ಬೇರೆಡೆಗೆ ಸಾಗಿಸಿದರು. ಪ್ರತಿಮೆಯ ದೀವಟಿಗೆಗೆ ಜನ ಹತ್ತುವುದು ಅಂದಿಗೇ ನಿಂತಿತು, ಮತ್ತೆ ಶುರುವಾಗಲಿಲ್ಲ. ಸತ್ತವರಲ್ಲಿ ಹತ್ತು ವಾರದ ಒಂದು ಕೂಸೂ ಇತ್ತು.

ಆ ದಾಸ್ತಾನು ಇದ್ದದ್ದೇ ಸಿಡಿದು ಕೊಲ್ಲುವುದಕ್ಕೆ. ಅದೇ ಯುದ್ಧ ಇನ್ನೊಂದು ಬಗೆಯ ಗುಂಡನ್ನೂ ಬಳಕೆಗೆ ತಂದಿತು. ಅದು ಹೊಗೆಗುಂಡು. ಶತ್ರುವಿನ ಕಣ್ಣಿಗೆ ಮರೆ ಕಟ್ಟುವುದಷ್ಟೇ ಇದರ ಕೆಲಸ ಎನ್ನುತ್ತಾರೆ. ಸೈನ್ಯ ಹೊಳೆ ದಾಟುವಾಗ, ನೆಲಬಾಂಬು ತೆಗೆಯುವಾಗ, ಗಾಯಗೊಂಡವರನ್ನು ಬಯಲಿನಿಂದ ಎತ್ತಿ ತರುವಾಗ ಎದುರಾಳಿಗೆ ಗುರಿ ಕಾಣದಂತೆ ಮಾಡಿದರೆ ಎಷ್ಟೋ ಜೀವ ಉಳಿಯುತ್ತದೆ, ನಿಜ. ಆದರೆ ಆ ಮರೆಯನ್ನು ಯಾವುದರಿಂದ ಕಟ್ಟುತ್ತಾರೆ ಎಂದು ತಿಳಿಯದೆ ಈ ಗುಂಡನ್ನು ನಿರಪಾಯಕಾರಿ ಎಂದುಕೊಳ್ಳುವುದು ದೊಡ್ಡ ತಪ್ಪು.

ಮೊದಲು, ಹೊಗೆ ನೋಟವನ್ನು ತಡೆಯುವುದು ಹೇಗೆ? ಬೆಳಕು ಹೊಗೆಯ ಕಣಗಳಿಗೆ ತಾಗಿ ದಿಕ್ಕುದಿಕ್ಕಿಗೆ ಚೆದುರುತ್ತದೆ. ಆಚೆಯ ವಸ್ತುವಿನಿಂದ ಹೊರಟ ಬೆಳಕು ನಮ್ಮ ಕಣ್ಣಿಗೆ ನೇರವಾಗಿ ಬರುವುದಿಲ್ಲ. ಇಲ್ಲಿ ಕಣದ ಗಾತ್ರವೇ ಮುಖ್ಯ. ತೀರಾ ಚಿಕ್ಕದಾದರೆ ಬೆಳಕು ಅದನ್ನು ಲೆಕ್ಕಿಸದೆ ದಾಟಿ ಹೋಗುತ್ತದೆ. ದೊಡ್ಡದಾದರೆ, ಅದೇ ತೂಕದ ವಸ್ತುವಿನಿಂದ ಸಿಗುವ ಕಣಗಳ ಸಂಖ್ಯೆ ಕುಸಿಯುತ್ತದೆ, ಅವು ಬೇಗ ನೆಲಕ್ಕೂ ಇಳಿಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಈ ಲೆಕ್ಕವನ್ನು ಕೂಡಿಸಿ ಕಳೆದು ನೋಡಿದವರು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಮತ್ತು ವಿನ್ಸೆಂಟ್ ಶೇಫರ್. ಲ್ಯಾಂಗ್‌ಮ್ಯೂರ್ 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರು. ಶೇಫರ್ ಶಾಲೆ ಬಿಟ್ಟು ಕಾರ್ಖಾನೆಯ ಯಂತ್ರಕೆಲಸ ಕಲಿತು ಪ್ರಯೋಗಾಲಯಕ್ಕೆ ಬಂದವರು. ಕಣದ ಅಡ್ಡಳತೆ ಸುಮಾರು 0.6 ಮೈಕ್ರಾನ್ ಇದ್ದರೆ, ಅಂದರೆ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದದಷ್ಟೇ ಇದ್ದರೆ, ಮರೆ ಅತ್ಯಂತ ದಟ್ಟವಾಗಿರುತ್ತದೆ ಎಂದು ಇಬ್ಬರೂ ಕಂಡುಕೊಂಡರು. ಎಣ್ಣೆಯನ್ನು ಕಾಯಿಸಿ ಆವಿಯಾಗಿಸಿ, ತಣ್ಣನೆಯ ಗಾಳಿಗೆ ಚಿಮ್ಮಿಸಿ, ಆ ಗಾತ್ರದ ಹನಿಗಳನ್ನೇ ಹುಟ್ಟಿಸುವ ಯಂತ್ರ ಕಟ್ಟಿದರು. 1942ರಲ್ಲಿ ಸ್ಕೋಹರಿ ಕಣಿವೆಯ ವ್ರೋಮನ್ಸ್ ನೋಸ್ ಗುಡ್ಡದ ಮೇಲೆ ನಿಂತ ಸೈನ್ಯಾಧಿಕಾರಿಗಳ ಕಣ್ಣೆದುರೇ ಇಡೀ ಕಣಿವೆ ಬಿಳಿ ಹೊಗೆಯಲ್ಲಿ ಮುಚ್ಚಿಹೋಯಿತು.

ಈ ಇಬ್ಬರ ಮುಂದಿನ ಹಾದಿ ಕನ್ನಡಿಗರಿಗೆ ತಿಳಿದಿರಬೇಕು. ಗಾಳಿಯಲ್ಲಿ ತೇಲುವ ಸಣ್ಣ ಹನಿಗಳ ಬೆನ್ನು ಹತ್ತಿದ ಶೇಫರ್ 1946ರಲ್ಲಿ ಒಣ ಮಂಜುಗಡ್ಡೆಯಿಂದ ಮೋಡದಲ್ಲಿ ಹಿಮ ಹುಟ್ಟಿಸಿದರು. ಮೋಡಬಿತ್ತನೆಯ ವಿದ್ಯೆ ಬೆಳೆದದ್ದು ಅಲ್ಲಿಂದ. 2017ರಲ್ಲಿ ಬರದ ಕರ್ನಾಟಕದಲ್ಲಿ ಸರ್ಕಾರ ‘ವರ್ಷಧಾರೆ’ ಎಂದು ಕೈಗೊಂಡ ಯೋಜನೆಯ ವಂಶಾವಳಿಯಲ್ಲಿ ಈ ಯುದ್ಧದ ಹೊಗೆಯೂ ಇದೆ.

ಎಣ್ಣೆಯ ಯಂತ್ರವನ್ನು ಶತ್ರುವಿನ ಮುಂದೆ ಕೊಂಡೊಯ್ದು ನಿಲ್ಲಿಸಲಾಗದು. ಹತ್ತಿಪ್ಪತ್ತು ಕಿಲೋಮೀಟರ್ ಆಚೆ ಮರೆ ಬೇಕಾದರೆ ಫಿರಂಗಿಯೇ ಗತಿ. ಷೆಲ್ಲಿನೊಳಗೆ ಇರುವ ಜಾಗ ಕಡಿಮೆ. ಆದ್ದರಿಂದ ಕಡಿಮೆ ತೂಕದಲ್ಲಿ ಹೆಚ್ಚು ಹೊಗೆ ಕೊಡುವ ವಸ್ತು ಬೇಕು. ಬಿಳಿ ರಂಜಕಕ್ಕೆ ಬೇಡಿಕೆ ಬಂದದ್ದು ಇದರಿಂದ. ಗಾಳಿ ತಾಗಿದರೆ ಸಾಕು, ಸುಮಾರು 30 ಡಿಗ್ರಿ ಸೆಲ್ಸಿಯಸ್‌ಗೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಉರಿದು ಆಕ್ಸೈಡ್ ಆಗಿ, ಆ ಆಕ್ಸೈಡ್ ಗಾಳಿಯ ತೇವವನ್ನು ಹೀರಿ ಫಾಸ್ಫಾರಿಕ್ ಆಮ್ಲದ ಹನಿಯಾಗುತ್ತದೆ. ಒಂದು ಕಿಲೋ ರಂಜಕದಿಂದ ಮೂರು ಕಿಲೋಗೂ ಮಿಕ್ಕಿ ಆಮ್ಲ. ಅದರ ಮೇಲೆ ಹನಿಗಳು ಇನ್ನಷ್ಟು ನೀರು ಎಳೆದುಕೊಂಡು ಹಿಗ್ಗುತ್ತವೆ. ಹೊಗೆಯ ಬಹುಪಾಲು ತೂಕ ಷೆಲ್ಲಿನಲ್ಲಿ ಹೋದದ್ದಲ್ಲ, ಯುದ್ಧಭೂಮಿಯ ಗಾಳಿಯಿಂದಲೇ ಬಂದದ್ದು. ಇದಲ್ಲದೆ ಸತುವಿನ ಕ್ಲೋರೈಡಿನ ಹೊಗೆ ಉಗುಳುವ ಗುಂಡುಗಳೂ ಇವೆ; ಮುಚ್ಚಿದ ಜಾಗದಲ್ಲಿ ಅದನ್ನು ಉಸಿರಾಡಿದರೆ ಶ್ವಾಸಕೋಶ ಸುಟ್ಟುಹೋಗುತ್ತದೆ.

ಗುಂಡು ಹಾರಿಸುವವರು ಹವೆಯನ್ನೂ ಓದಬೇಕು. ಚಳಿಗಾಲದ ಬೆಳಿಗ್ಗೆ ಹಳ್ಳಿಯಲ್ಲಿ ಒಲೆಯ ಹೊಗೆ ಮೇಲೇರದೆ ಹೆಂಚಿನ ಮೇಲೆಯೇ ಹಾಸಿಕೊಂಡಿರುವ ಹಾಗೆ, ನೆಲದ ಗಾಳಿ ತಣ್ಣಗಿದ್ದು ಮೇಲಿನದು ಬೆಚ್ಚಗಿದ್ದರೆ ಹೊಗೆಗುಂಡಿನ ಮರೆ ಬಹಳ ಹೊತ್ತು ನಿಲ್ಲುತ್ತದೆ. ಸುಡುಬಿಸಿಲ ಮಧ್ಯಾಹ್ನ ಅದೇ ಹೊಗೆ ಕಂಬದಂತೆ ನೆಟ್ಟಗೆ ಮೇಲೇರಿ, ಕೆಳಗೆ ಎಲ್ಲ ಬಟಾಬಯಲು.

ಇಂದಿನ ಸೈನ್ಯಗಳಿಗೆ ಇನ್ನೂ ಕಠಿಣ ಸಮಸ್ಯೆಯೊಂದಿದೆ. ಶಾಖವನ್ನು ನೋಡುವ ಕ್ಯಾಮೆರಾಗಳು 8ರಿಂದ 12 ಮೈಕ್ರಾನ್ ಅಲೆಯುದ್ದದಲ್ಲಿ ಕೆಲಸ ಮಾಡುತ್ತವೆ. ಕಣ್ಣಿಗೆ ಗೋಡೆಯಂತಿರುವ ಹೊಗೆ ಅವಕ್ಕೆ ತೆಳು ಪರದೆಯಷ್ಟೇ. ಅದನ್ನೂ ತಡೆಯಲು ಹಿತ್ತಾಳೆಯ ತೆಳ್ಳನೆಯ ಚೂರು, ಗ್ರಾಫೈಟ್ ಪುಡಿ, ಕೆಂಪು ರಂಜಕ ಇತ್ಯಾದಿ ಬಳಕೆಗೆ ಬಂದಿವೆ.

ಅಮೆರಿಕದ ಎಂ825 ಎಂಬ 155 ಮಿ.ಮೀ. ಹೊಗೆಗುಂಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಅದರೊಳಗೆ ಬಿಳಿ ರಂಜಕದಲ್ಲಿ ನೆನೆಸಿದ 116 ಫೆಲ್ಟ್ ಬಟ್ಟೆಯ ತುಂಡುಗಳಿರುತ್ತವೆ, ಬೆಣೆಯ ಆಕಾರದವು. ಗುಂಡು ಆಕಾಶದಲ್ಲೇ ಬಿಚ್ಚಿಕೊಂಡು ಅವನ್ನು ಉದುರಿಸುತ್ತದೆ. ಬಿಳಿ ಬಾಲ ಬಿಡುತ್ತ ಇಳಿಯುವ ತುಂಡುಗಳು 125ರಿಂದ 250 ಮೀಟರ್ ಅಗಲದ ವೃತ್ತದಲ್ಲಿ ಹರಡಿ ಬಿದ್ದು, ನೆಲದ ಮೇಲೆ ನಿಮಿಷಗಟ್ಟಲೆ ಉರಿಯುತ್ತವೆ. ಕೆಳಗಿರುವುದು ಬಂಜರು ಬಯಲೋ ಜನ ವಾಸಿಸುವ ಓಣಿಯೋ ಅವಕ್ಕೆ ಗೊತ್ತಿಲ್ಲ. ಉರಿಯುವ ರಂಜಕ ಮೈಗೆ ತಾಗಿದರೆ ಚರ್ಮದ ಕೊಬ್ಬಿನೊಳಗೆ ಇಳಿಯುತ್ತದೆ. ನೀರು ಹಾಕಿದರೆ ಆರುತ್ತದೆ, ಒಣಗಿದರೆ ಮತ್ತೆ ಹೊತ್ತುತ್ತದೆ. ಹಾಗಾಗಿ ಗಾಯವನ್ನು ಒದ್ದೆ ಬಟ್ಟೆಯಲ್ಲೇ ಇಟ್ಟು, ವೈದ್ಯರು ಒಂದೊಂದೇ ಚೂರನ್ನು ಹುಡುಕಿ ತೆಗೆಯಬೇಕು. ರಕ್ತಕ್ಕೆ ಸೇರಿದ ರಂಜಕ ಯಕೃತ್ತು, ಮೂತ್ರಪಿಂಡ, ಹೃದಯಗಳನ್ನು ಕೆಡಿಸುತ್ತದೆ. ಸಣ್ಣ ಸುಟ್ಟಗಾಯವೂ ಪ್ರಾಣ ತೆಗೆಯಬಲ್ಲದು.

2009ರ ಜನವರಿ 15ರಂದು ಗಾಜಾ ನಗರದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಆವರಣದ ಮೇಲೆ ಇಸ್ರೇಲಿನ ಇಂಥ ಗುಂಡುಗಳು ಬಿದ್ದು, ಆಹಾರ ಮತ್ತು ಔಷಧ ತುಂಬಿದ್ದ ಗೋದಾಮು ಸುಟ್ಟುಹೋಯಿತು. ಇವುಗಳ ಬಳಕೆಯನ್ನು ತಗ್ಗಿಸುವುದಾಗಿ ಇಸ್ರೇಲಿನ ಸೈನ್ಯ 2013ರಲ್ಲಿ ಹೇಳಿತು. 2023ರ ಅಕ್ಟೋಬರ್ 16ರಂದು ಲೆಬನಾನಿನ ಗಡಿಯ ಧೈರಾ ಹಳ್ಳಿಯ ಮೇಲೆ ಇಸ್ರೇಲ್ ಹಾರಿಸಿದ ಬಿಳಿ ರಂಜಕ ಬಿದ್ದು, ನಾಗರಿಕರು ಆಸ್ಪತ್ರೆ ಸೇರಿದ್ದನ್ನು ಮಾನವ ಹಕ್ಕು ಸಂಸ್ಥೆ ಆಮ್ನೆಸ್ಟಿ ದಾಖಲಿಸಿದೆ. ಅಮೆರಿಕ ತಾನೇ 2004ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಇದನ್ನು ಎದುರಾಳಿಗಳ ಮೇಲೆ ಆಯುಧವಾಗಿ ಬಳಸಿದ್ದನ್ನು ಮರುವರ್ಷ ಒಪ್ಪಿಕೊಂಡಿತು.

ಇದನ್ನು ತಡೆಯುವ ಕಾನೂನು ಇಲ್ಲವೇ ಎಂದರೆ, ಅರ್ಧ ಇದೆ. ಕೆಲವು ಸಾಂಪ್ರದಾಯಿಕ ಆಯುಧಗಳ ಕುರಿತ 1980ರ ಅಂತರರಾಷ್ಟ್ರೀಯ ಒಪ್ಪಂದದ ಮೂರನೇ ಪ್ರೋಟೋಕಾಲ್ ಬೆಂಕಿ ಹಚ್ಚುವ ಆಯುಧಗಳನ್ನು ನಿಯಂತ್ರಿಸುತ್ತದೆ. ಆದರೆ ಅದು ಆಯುಧವನ್ನು ಗುರುತಿಸುವುದು ಅದನ್ನು ಮುಖ್ಯವಾಗಿ ಯಾವ ಉದ್ದೇಶಕ್ಕೆ ರೂಪಿಸಿದರು ಎಂಬುದರ ಮೇಲೆ. ಹೊಗೆಗೆಂದು ಮಾಡಿದ್ದು ಆನುಷಂಗಿಕವಾಗಿ ಬೆಂಕಿ ಹಚ್ಚಿದರೂ ಆ ಪಟ್ಟಿಗೆ ಸೇರುವುದಿಲ್ಲ. ಸಾಲದ್ದಕ್ಕೆ, ಜನವಸತಿಯ ಮೇಲೆ ವಿಮಾನದಿಂದ ಬೆಂಕಿ ಬಾಂಬು ಹಾಕುವುದಕ್ಕೆ ಇರುವಷ್ಟು ಬಿಗಿಯಾದ ನಿಷೇಧ ನೆಲದಿಂದ ಹಾರಿಸುವ ಗುಂಡುಗಳಿಗಿಲ್ಲ. ಸುಟ್ಟಗಾಯವಾದ ಮಗುವಿಗೆ ಬೆಂಕಿ ವಿಮಾನದಿಂದ ಬಂತೋ ಫಿರಂಗಿಯಿಂದ ಬಂತೋ ಎಂಬ ಭೇದವಿಲ್ಲ. ಆಯುಧವನ್ನು ಅದರ ಉದ್ದೇಶದಿಂದಲ್ಲ, ಪರಿಣಾಮದಿಂದ ಗುರುತಿಸಬೇಕು ಎಂದು ಮಾನವ ಹಕ್ಕು ಸಂಸ್ಥೆಗಳು ವರ್ಷಗಳಿಂದ ಕೇಳುತ್ತಿವೆ, ಆ ಬೇಡಿಕೆ ನ್ಯಾಯವಾದದ್ದು. ಆದರೆ ಈ ಒಪ್ಪಂದದ ದೇಶಗಳು ಜಿನೀವಾದಲ್ಲಿ ಸೇರುವ ಸಭೆಗಳಲ್ಲಿ ತೀರ್ಮಾನವಾಗುವುದು ಒಮ್ಮತದಿಂದ ಮಾತ್ರ; ಒಂದೇ ಒಂದು ದೇಶ ಬೇಡವೆಂದರೂ ಕಲಮಿನ ಒಂದಕ್ಷರ ಕದಲುವುದಿಲ್ಲ.