ಕಂಪ್ಯೂಟರ್ ಆಟದ ಏಕಾಕಿ ನಿರ್ಮಾಪಕ: ಕೆಲವು ತಪ್ಪು ಕಲ್ಪನೆಗಳು, ಕೆಲವು ಸತ್ಯಗಳು

ಕಂಪ್ಯೂಟರಿನ ತೆರೆಯ ಮೇಲೆ ಆಡುವ ಆಟಗಳನ್ನು ನಿರ್ಮಿಸುವ ವಿದ್ಯೆಯು ಮಹಾನಗರಗಳ ಸೊತ್ತೆಂದೂ, ಪುಣೆ–ಹೈದರಾಬಾದು ಹೆದ್ದಾರಿಯ ಹುಮನಾಬಾದಿನಲ್ಲಾಗಲಿ ನೆರೆಯ ಬಸವಕಲ್ಯಾಣದಲ್ಲಾಗಲಿ ಒಬ್ಬ ತರುಣನೋ ತರುಣಿಯೋ ಒಂದೇ ಲ್ಯಾಪ್‌ಟಾಪನ್ನು ನೆಚ್ಚಿ ಅದಕ್ಕೆ ಕೈಹಾಕುವುದು ಆ ನೆಲಕ್ಕೆ ಒಗ್ಗದ ಸಾಹಸವೆಂದೂ ಭಾವಿಸುವವರು ಬಹುಮಂದಿ. ಆದರೆ ಆಟವನ್ನು ಶಾಸ್ತ್ರಯೋಗ್ಯವಾದ ವಿಷಯವೆಂದು ಎಣಿಸಿದ ಮಹಾಗ್ರಂಥವೊಂದು ಹುಟ್ಟಿದುದು ಇದೇ ಕಲ್ಯಾಣದಿಂದ ಆಳಿದ ಅರಸನಿಂದ. ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಕಡೆಯ ಇಪ್ಪತ್ತು ಕ್ರೀಡೆಗಳಿಗೇ ಮೀಸಲು; ಚತುರಂಗ, ಪಗಡೆ, ಒಗಟುಗಳ ಸಾಲಿನಲ್ಲಿ ಕವಡೆಯಾಟವೂ ಅಲ್ಲಿ ಸ್ಥಾನ ಪಡೆದಿದೆ. ಹಿಡಿಯಷ್ಟು ಕವಡೆ, ನಾಲ್ಕಾರು ನಿಯಮಗಳು: ಇಷ್ಟು ಅಲ್ಪಸಾಮಗ್ರಿಯ ಆಟವೂ ಸಾಮ್ರಾಟನ ಲೇಖನಿಗೆ ಅಲ್ಪವೆನಿಸಲಿಲ್ಲ.

‘ಒಬ್ಬನೇ ಮಾಡಿದ ಆಟ’ ಎಂಬ ಮಾತನ್ನು ಅಕ್ಷರಶಃ ನಂಬುವುದು ಇನ್ನೊಂದು ಭ್ರಾಂತಿ. ‘ಸ್ಟಾರ್‌ಡ್ಯೂ ವ್ಯಾಲಿ’ಯ ಚಿತ್ರ, ಸಂಗೀತ, ಕಥೆ, ಕೋಡ್ ಸಮಸ್ತವನ್ನೂ ಅಮೆರಿಕದ ಎರಿಕ್ ಬರೋನ್ ಒಬ್ಬರೇ ರಚಿಸಿ 2016ರಲ್ಲಿ ಹೊರತಂದುದು ನಿಜವೇ, ಆದರೆ ಅದಕ್ಕೆ ಹಿಡಿದ ನಾಲ್ಕಕ್ಕೂ ಮಿಕ್ಕ ವರುಷಗಳಲ್ಲಿ ಮನೆ ನಡೆದುದು ಸಂಗಾತಿಯ ದುಡಿಮೆಯ ಆಸರೆಯಿಂದ, ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಬರೋನ್ ಅವರ ಅರೆಕಾಲಿಕ ಕೆಲಸದಿಂದ. 2015ರ ‘ಅಂಡರ್‌ಟೇಲ್’ ಟೋಬಿ ಫಾಕ್ಸ್ ಅವರ ಹೆಸರಿನಿಂದ ಪ್ರಸಿದ್ಧವಾದರೂ ಅದರ ಚಿತ್ರಗಳಲ್ಲಿ ಟೆಮ್ಮಿ ಚಾಂಗ್ ಅವರ ಕೈವಾಡ ದೊಡ್ಡದು. ತಾನರಿಯದ ಕಲೆಯನ್ನು ಬಲ್ಲವರಿಂದ ಪಡೆದ ಮಾತ್ರಕ್ಕೆ ಯಾರೂ ಕುಗ್ಗಬೇಕಾದುದಿಲ್ಲ.

ಕೊರತೆಯು ಕಲೆಯನ್ನು ಕೆಡಿಸಿಯೇ ತೀರುವುದೆಂಬ ನಂಬಿಕೆಗೂ ಚರಿತ್ರೆಯ ಬೆಂಬಲವಿಲ್ಲ. 1978ರಲ್ಲಿ ಜಪಾನಿನ ತೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ಕಟ್ಟಿದಾಗ, ಶತ್ರುಗಳ ಇಡೀ ದಂಡನ್ನು ಒಮ್ಮೆಲೇ ಸರಿಸುವ ಶಕ್ತಿ ಅಂದಿನ ಯಂತ್ರಕ್ಕಿರಲಿಲ್ಲವಾಗಿ, ಅವು ಕಿಕ್ಕಿರಿದಿರುವಾಗ ಮೆಲ್ಲಗೆ ಚಲಿಸಿ, ಹತವಾಗಿ ಸಂಖ್ಯೆ ಕುಗ್ಗಿದಂತೆಲ್ಲ ತಾವಾಗಿಯೇ ವೇಗಗೊಂಡವು. ಆ ದೌರ್ಬಲ್ಯವನ್ನು ಅವರು ಹಾಗೆಯೇ ಉಳಿಸಿಕೊಂಡುದರಿಂದ ಆಟಗಾರನು ಉಸಿರು ಬಿಗಿಹಿಡಿದು ಆಡುವ ಅಂತ್ಯಭಾಗ ಅದಕ್ಕೆ ಲಭಿಸಿತು. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್‌ನೋವ್ ಅವರಿಗೆ ದೊರೆತ ‘ಎಲೆಕ್ಟ್ರಾನಿಕಾ 60’ ಚಿತ್ರವನ್ನೇ ತೋರಿಸಲಾರದ ಯಂತ್ರ. ‘ಟೆಟ್ರಿಸ್’ನ ಇಟ್ಟಿಗೆಗಳನ್ನು ಅವರು ಆವರಣಚಿಹ್ನೆಗಳಿಂದ ಜೋಡಿಸಿದರು. ಹಾಗೆಂದು ಮಿತಿಯನ್ನು ಒಪ್ಪಿದೊಡನೆ ಶ್ರಮವು ತಗ್ಗುವುದೆಂದು ತಿಳಿಯುವುದೂ ತಪ್ಪೇ. ಲ್ಯೂಕಸ್ ಪೋಪ್ ತಮ್ಮ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಆಟವನ್ನು ಎರಡೇ ಬಣ್ಣಗಳಲ್ಲಿ ಚಿತ್ರಿಸಲು ಸಂಕಲ್ಪಿಸಿದರು. ನೋಟ ತಿರುಗಿದಾಗ ನೆರಳುಬೆಳಕನ್ನು ಸೂಚಿಸುವ ಚುಕ್ಕೆಗಳು ಮಿಣುಕಿ ಕಣ್ಣು ನೋಯಿಸದಂತೆ ಮಾಡುವುದೇ ಒಂದು ದೊಡ್ಡ ಗಣಿತವಾಗಿ, 2018ರಲ್ಲಿ ಆಟ ಹೊರಬರುವ ವೇಳೆಗೆ ನಾಲ್ಕು ವರುಷಗಳು ಸಂದಿದ್ದವು.

ಉಪಕರಣ ಉಚಿತವಾದರೆ ಖರ್ಚಿಲ್ಲವೆಂಬ ಮಾತೂ ಅರ್ಧಸತ್ಯ. ‘ಸ್ಟೀಮ್’ ಅಂಗಡಿಯಲ್ಲಿ ಆಟವೊಂದಕ್ಕೆ 100 ಡಾಲರು, ಗೂಗಲ್ ಪ್ಲೇಯಲ್ಲಿ ಒಂದು ಬಾರಿ ಮಾತ್ರ 25 ಡಾಲರು ಶುಲ್ಕವುಂಟು. ಅಲ್ಲದೆ ಗೂಗಲ್‌ನಲ್ಲಿ ಸ್ವಂತ ಹೆಸರಿನಿಂದ ಹೊಸದಾಗಿ ಖಾತೆ ತೆರೆದವರು ಪ್ರಕಟಣೆಗೆ ಮುನ್ನ 12 ಮಂದಿಯಿಂದ ಎಡೆಬಿಡದೆ 14 ದಿನ ಪರೀಕ್ಷೆ ಮಾಡಿಸತಕ್ಕದ್ದು. ಸಣ್ಣ ಊರಿನಲ್ಲಿ ಹಣಕ್ಕಿಂತ ಈ ಹನ್ನೆರಡು ಮಂದಿಯನ್ನು ಕೂಡಿಸುವುದೇ ಕಷ್ಟವೆನಿಸೀತು.

‘ಕನ್ನಡವನ್ನು ಕಟ್ಟಕಡೆಗೆ ಸೇರಿಸಿದರಾಯಿತು’ ಎಂಬ ಕಲ್ಪನೆಯನ್ನು ಮಾತ್ರ ನಾನು ಎಲ್ಲಕ್ಕಿಂತ ಅಪಾಯಕರವೆಂದು ಬಗೆಯುತ್ತೇನೆ. ‘ಕಲ್ಯಾಣ’ ಎಂದು ಬರೆದಾಗ ಯೂನಿಕೋಡ್ ದಾಖಲಿಸುವುದು ಕ, ಲ, ಹಲಂತದ ಚಿಹ್ನೆ, ಯ, ದೀರ್ಘದ ಚಿಹ್ನೆ, ಣ ಎಂಬ ಆರು ಸಂಕೇತಗಳ ಸಾಲನ್ನಷ್ಟೆ; ಯಕಾರವು ಒತ್ತಾಗಿ ಸರಿದು ದೀರ್ಘವು ಲಕಾರಕ್ಕೆ ಅಂಟಬೇಕೆಂಬುದನ್ನು ನೆರವೇರಿಸುವುದು ಅಕ್ಷರಗಳನ್ನು ಸಂಯೋಜಿಸುವ ತಂತ್ರಾಂಶವೂ ಫಾಂಟೂ ಕೂಡಿ. ಆಟ ಕಟ್ಟುವ ತಂತ್ರಾಂಶವಾದ ಇಂಜಿನ್ನಿಗೆ ಆ ಸಂಯೋಜನೆ ತಿಳಿಯದಿದ್ದರೆ ಅರ್ಧ ಲಕಾರದ ಪಕ್ಕದಲ್ಲಿ ಪೂರ್ಣ ಯಕಾರವು ಬಂದು ನಿಂತು, ಕನ್ನಡ ಬಲ್ಲ ಮಗುವಿಗೂ ಅದು ಅಕ್ಷರವೆನಿಸದು. ಏಕಾಕಿಯಾದವನು ಆಗ ಪ್ರತಿಯೊಂದು ವಾಕ್ಯವನ್ನೂ ಚಿತ್ರವಾಗಿ ಬರೆದಿಡುವನು, ಇಲ್ಲವೆ ಯೂನಿಕೋಡನ್ನು ಅನುಸರಿಸದ ಹಳೆಯ ನುಡಿ ಫಾಂಟುಗಳಂತೆ ಅಕ್ಷರದ ತುಣುಕುಗಳನ್ನು ಕೈಯಾರೆ ಸಾಲಾಗಿಡುವನು; ಎರಡರಲ್ಲಿಯೂ ಒಂದು ಕಾಗುಣಿತವನ್ನು ತಿದ್ದಬೇಕಾದರೆ ಆ ವಾಕ್ಯದ ಕೆಲಸವೆಲ್ಲ ಮೊದಲಿನಿಂದ. ಕನ್ನಡದೊಡನೆ ಉರ್ದು, ಮರಾಠಿಗಳೂ ಬೀದಿಯಲ್ಲಿ ಕೇಳಿಬರುವ ಬಸವಕಲ್ಯಾಣದ ಸೀಮೆಯಲ್ಲಿ, ಬಲದಿಂದ ಎಡಕ್ಕೆ ಸಾಗುವ ಉರ್ದುವನ್ನು ಸೇರಿಸಬಯಸುವವನ ಪಾಡು ಇನ್ನೂ ತೊಡಕಿನದು. ಅರ್ಜೆಂಟೀನಾದಲ್ಲಿ ಜನಿಸಿ 2014ರಲ್ಲಿ ಮುಕ್ತ ತಂತ್ರಾಂಶವಾದ ‘ಗೊಡೊ’ ಇಂಜಿನ್ನಿನ ನಾಲ್ಕನೆಯ ಆವೃತ್ತಿಯು 2023ರಲ್ಲಿ ಬಂದಾಗ ‘ಹಾರ್ಫ್‌ಬಝ್’ ಎಂಬ ಸಂಯೋಜಕವನ್ನು ಒಳಗೊಂಡು ಈ ಭಾರವನ್ನು ಬಹುಮಟ್ಟಿಗೆ ಇಳಿಸಿತು. ‘ನೋಟೊ ಸಾನ್ಸ್ ಕನ್ನಡ’ದಂಥ ಫಾಂಟುಗಳೂ ಉಚಿತವಾಗಿವೆ. ಸಂಗೀತವನ್ನು ಮೊಟಕುಮಾಡಬಹುದು, ಹತ್ತು ಹಂತಗಳನ್ನು ಮೂರಕ್ಕಿಳಿಸಬಹುದು, ಮುಖಗಳನ್ನು ಕೆಲವೇ ಚುಕ್ಕೆಗಳಲ್ಲಿ ಸೂಚಿಸಬಹುದು. ಆದರೆ ಅಕ್ಷರವು ಕೆಟ್ಟರೆ ಆಟದ ಕಥೆಯೇ ಓದುಗನಿಗೆ ಮುಟ್ಟದು. ಆದುದರಿಂದ ಇಂಜಿನ್ನನ್ನು ಆರಿಸುವ ಮೊದಲ ದಿನವೇ ‘ಬಸವಕಲ್ಯಾಣ’ವೆಂಬ ಒಂದು ಪದವನ್ನು ತೆರೆಯ ಮೇಲೆ ಬರೆಯಿಸಿ, ಯಕಾರದ ಒತ್ತು ಎಲ್ಲಿ ಬೀಳುವುದೆಂದು ನೋಡತಕ್ಕದ್ದು; ನೂರಾರು ಸಂಭಾಷಣೆಗಳು ಸೇರಿದ ಮೇಲೆ ಇಂಜಿನ್ನನ್ನು ಬದಲಿಸಹೊರಟವನಿಗೆ ತಿಂಗಳುಗಳೇ ಸಾಲವು.