ಕ್ಯಾನ್ಸರ್ ಕೋಡಿಂಗ್ ಪರೀಕ್ಷೆ: ಓದುವ ವಿದ್ಯೆಯ ಒರೆಗಲ್ಲು

ಹುಬ್ಬಳ್ಳಿಯಿಂದ ಕಾರವಾರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಲಘಟಗಿಯನ್ನು ದಾಟಿದರೆ ದೇವಿಕೊಪ್ಪ. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಸೆರಗಿನ ಊರು ಅದು. ಭತ್ತ, ಗೋವಿನಜೋಳಗಳನ್ನು ನಂಬಿದ ಈ ಭಾಗದ ಮನೆಗಳಲ್ಲಿ ಮಕ್ಕಳು ಪದವಿ ಮುಗಿಸಿದರೆ ಹಿಂದೆ ಅವರ ಮುಂದಿದ್ದವು ಎರಡು ಮೂರು ದಾರಿಗಳು ಮಾತ್ರ: ಶಿಕ್ಷಕರ ತರಬೇತಿ, ನರ್ಸಿಂಗ್ ಅಥವಾ ಸರಕಾರಿ ನೌಕರಿಯ ಅರ್ಜಿ. ಈಚಿನ ವರ್ಷಗಳಲ್ಲಿ ಇವುಗಳ ಜೊತೆಗೆ ಇನ್ನೊಂದು ಹೆಸರು ಕೇಳಿಬರುತ್ತಿದೆ. ಅದು ಮೆಡಿಕಲ್ ಕೋಡಿಂಗ್. ಜೀವಶಾಸ್ತ್ರ, ನರ್ಸಿಂಗ್, ಫಾರ್ಮಸಿ ಓದಿದ ಯುವಕ ಯುವತಿಯರು ಬೆಂಗಳೂರು, ಚೆನ್ನೈ, ಹೈದರಾಬಾದ್ ನಗರಗಳ ಕಚೇರಿಗಳಲ್ಲಿ ಕುಳಿತು ಅಮೆರಿಕದ ಆಸ್ಪತ್ರೆಗಳ ಕಡತಗಳನ್ನು ಓದುತ್ತಾರೆ. ಅವರಲ್ಲಿ ಕೆಲವರು ಒಂದೆರಡು ವರ್ಷದ ಅನುಭವ ಪಡೆದ ಬಳಿಕ ಕ್ಯಾನ್ಸರ್ ವಿಭಾಗದ ವಿಶೇಷ ಪ್ರಮಾಣಪತ್ರ ಪರೀಕ್ಷೆಗೆ ಸಿದ್ಧತೆ ನಡೆಸುತ್ತಾರೆ. ಈ ಪರೀಕ್ಷೆ ಏನನ್ನು ಕೇಳುತ್ತದೆ, ಅದಕ್ಕೆ ಹೇಗೆ ಅಣಿಯಾಗಬೇಕು ಎಂಬುದನ್ನು ಪಾಲಕರೂ ಅಭ್ಯರ್ಥಿಗಳೂ ತಿಳಿದಿರುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ.

ವೈದ್ಯರು ರೋಗಿಯನ್ನು ಪರೀಕ್ಷಿಸಿ ತಾವು ಕಂಡದ್ದನ್ನೂ ಮಾಡಿದ್ದನ್ನೂ ಬರೆದಿಡುತ್ತಾರೆ. ಆ ಬರಹವನ್ನು ಓದಿ, ರೋಗಕ್ಕೆ ಒಂದು ಸಂಕೇತ, ಚಿಕಿತ್ಸೆಗೆ ಒಂದು ಸಂಕೇತ, ಔಷಧಿಗೆ ಒಂದು ಸಂಕೇತ ಎಂದು ಗೊತ್ತುಪಡಿಸುವುದೇ ಕೋಡಿಂಗ್. ಆ ಸಂಕೇತಗಳ ಆಧಾರದ ಮೇಲೆ ವಿಮಾ ಕಂಪನಿ ಹಣ ಕೊಡುತ್ತದೆ ಅಥವಾ ನಿರಾಕರಿಸುತ್ತದೆ.

ರೋಗಗಳನ್ನು ಹೀಗೆ ವಿಂಗಡಿಸುವ ಪ್ರಯತ್ನ ನಿನ್ನೆ ಮೊನ್ನೆಯದಲ್ಲ. 1662ರಲ್ಲಿ ಲಂಡನ್ನಿನ ಜಾನ್ ಗ್ರಾಂಟ್ ಎಂಬ ವರ್ತಕನು ಆ ನಗರದ ಮರಣಪಟ್ಟಿಗಳನ್ನು ಕುರಿತು ಪುಸ್ತಕ ಪ್ರಕಟಿಸಿದನು. 1893ರಲ್ಲಿ ಫ್ರಾನ್ಸಿನ ಜಾಕ್ ಬೆರ್ಟಿಯೋನ್ ಮರಣಕಾರಣಗಳ ವರ್ಗೀಕರಣವೊಂದನ್ನು ಮಂಡಿಸಿದನು. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತು, ಸಾವಿನ ಕಾರಣಗಳ ಜೊತೆಗೆ ರೋಗಗಳನ್ನೂ ಅದರಲ್ಲಿ ಸೇರಿಸಿತು. ಅದರ ಹತ್ತನೆಯ ಪರಿಷ್ಕರಣೆಗೆ 1990ರಲ್ಲಿ ಒಪ್ಪಿಗೆ ದೊರೆಯಿತು. ಅಮೆರಿಕ ಅದನ್ನು ತನ್ನ ಆಸ್ಪತ್ರೆಗಳಿಗೆ ಹೊಂದುವಂತೆ ವಿಸ್ತರಿಸಿ 2015ರ ಅಕ್ಟೋಬರ್ 1ರಿಂದ ಬಳಕೆಗೆ ತಂದಿತು. ನಮ್ಮ ಹುಡುಗರು ಓದುವುದು ಈ ವಿಸ್ತೃತ ರೂಪವನ್ನು.

ತತ್ತ್ವಶಾಸ್ತ್ರ ಓದಿದವರಿಗೆ ಇದರ ಕಟ್ಟಡ ಹೊಸದೆನಿಸದು. ಒಂದು ವಸ್ತುವನ್ನು ಅರಿಯಬೇಕಾದರೆ ಅದು ಯಾವ ಜಾತಿಗೆ ಸೇರಿದ್ದು, ಆ ಜಾತಿಯ ಉಳಿದವುಗಳಿಂದ ಯಾವ ಗುಣದಿಂದ ಬೇರೆಯಾಗಿದೆ ಎಂಬುದನ್ನು ಹೇಳಬೇಕೆಂದು ಅರಿಸ್ಟಾಟಲ್ ಕಲಿಸಿದನು. ಸಂಕೇತದ ಒಂದೊಂದು ಅಂಕಿಯೂ ಅದೇ ಕೆಲಸ ಮಾಡುತ್ತದೆ. 'ಸಿ50' ಎಂದರೆ ಸ್ತನದ ಕ್ಯಾನ್ಸರ್. 'ಸಿ50.4' ಎಂದರೆ ಸ್ತನದ ಮೇಲ್ಭಾಗದ ಹೊರಮಗ್ಗುಲು. 'ಸಿ50.411' ಎಂದರೆ ಹೆಂಗಸಿನ ಬಲಸ್ತನದ ಅದೇ ಭಾಗ. ಕೊನೆಯ ಅಂಕಿ ಎರಡಾದರೆ ಎಡಸ್ತನ.

ಅಮೆರಿಕದಲ್ಲಿ 1988ರಲ್ಲಿ ಸ್ಥಾಪನೆಯಾದ ಎಎಪಿಸಿ ಎಂಬ ಸಂಸ್ಥೆ ಕೋಡರುಗಳಿಗೆ ಪರೀಕ್ಷೆಗಳನ್ನು ನಡೆಸುತ್ತದೆ. ಸಾಮಾನ್ಯ ಪರೀಕ್ಷೆಗೆ ಸಿಪಿಸಿ ಎಂದು ಹೆಸರು. ರಕ್ತರೋಗ ಮತ್ತು ಕ್ಯಾನ್ಸರ್ ವಿಭಾಗದ ವಿಶೇಷ ಪರೀಕ್ಷೆಗೆ ಸಿಎಚ್‌ಒಎನ್‌ಸಿ ಎಂದು ಹೆಸರು. ಇದರಲ್ಲಿ 100 ಪ್ರಶ್ನೆಗಳು, 4 ಗಂಟೆಗಳ ಅವಧಿ, ತೇರ್ಗಡೆಗೆ ಶೇಕಡಾ 70 ಅಂಕ. ಪ್ರತಿ ಪ್ರಶ್ನೆಗೆ ಆಯ್ಕೆಯ ಉತ್ತರಗಳಿರುತ್ತವೆ. ಅಧಿಕೃತ ಸಂಕೇತ ಪುಸ್ತಕಗಳನ್ನು ತೆರೆದಿಟ್ಟುಕೊಂಡೇ ಬರೆಯಬಹುದು.

ಈ ಕೊನೆಯ ಮಾತು ಹಲವರನ್ನು ದಾರಿ ತಪ್ಪಿಸುತ್ತದೆ. ಮಗಳು ಇಂಥ ಪರೀಕ್ಷೆಗೆ ಕುಳಿತಿರುವ ರೈತರೊಬ್ಬರು ನಮ್ಮನ್ನು ಕೇಳಿದರು: "ಪುಸ್ತಕ ಮುಂದ ಇಟ್ಕೊಂಡು ಬರಿಯೂ ಪರೀಕ್ಷಾಕ್ಕ ಇಕಿ ರಾತ್ರಿಯೆಲ್ಲಾ ಯಾಕ ಓದಬೇಕ್ರಿ, ಫಾದರ್?" ನಾವು ಅವರಿಗೆ, "ಹೊಲದ ಉತಾರ ನಿಮ್ಮ ಮನ್ಯಾಗೂ ಐತಲ್ಲ, ಮತ್ತ ಅದನ್ನ ಓದಿಸಾಕ ತಲಾಟಿ ಕಡೆ ಯಾಕ ಹೋಗ್ತೀರಿ?" ಎಂದೆವು. ಅವರು ನಕ್ಕರು, ಮಾತು ಅವರಿಗೆ ಒಪ್ಪಿಗೆಯಾಯಿತು. ಸರ್ವೆ ನಂಬರು ಸರಿಯಿದ್ದು ಹಿಸ್ಸಾ ಒಂದು ತಪ್ಪಿದರೆ ಹೊಲ ಅಣ್ಣನದೋ ತಮ್ಮನದೋ ಎಂಬ ವ್ಯಾಜ್ಯ ಕೋರ್ಟಿಗೆ ಹೋಗುವುದನ್ನು ಕಾಣದ ಹಳ್ಳಿಯುಂಟೇ? ಸಂಕೇತ ಪುಸ್ತಕವೂ ಉತಾರದಂತೆ. ಕೈಯಲ್ಲಿರುವುದು ಬೇರೆ, ಓದಲು ಬರುವುದು ಬೇರೆ. 100 ಪ್ರಶ್ನೆಗಳಿಗೆ 240 ನಿಮಿಷವೆಂದರೆ ಒಂದು ಪ್ರಶ್ನೆಗೆ ಸಿಗುವುದು ಎರಡೂವರೆ ನಿಮಿಷಕ್ಕೂ ಕಡಿಮೆ. ಪುಟ ತಿರುವುತ್ತ ಕುಳಿತವರಿಗೆ ಅಷ್ಟು ಸಮಯ ಎಲ್ಲಿಯೂ ಸಾಲದು.

ಈ ಪರೀಕ್ಷೆಯ ತಿರುಳು ಕೆಲವು ಭೇದಗಳಲ್ಲಿ ಅಡಗಿದೆ. ಮೊದಲನೆಯದು ಹುಟ್ಟಿದ ಜಾಗ ಮತ್ತು ಹರಡಿದ ಜಾಗಗಳ ಭೇದ. ಸ್ತನದ ಕ್ಯಾನ್ಸರ್ ಎಲುಬಿಗೆ ಹರಡಿದರೆ ಅದು ಎಲುಬಿನ ಕ್ಯಾನ್ಸರ್ ಆಗುವುದಿಲ್ಲ. ಎಲುಬಿನಲ್ಲಿಯೇ ಹುಟ್ಟಿದ್ದಕ್ಕೆ 'ಸಿ40' ಅಥವಾ 'ಸಿ41' ಎಂಬ ವರ್ಗ. ಬೇರೆಡೆಯಿಂದ ಎಲುಬಿಗೆ ಬಂದದ್ದಕ್ಕೆ 'ಸಿ79.51'. ಎರಡರ ಚಿಕಿತ್ಸೆಯೂ ಬೇರೆ.

ಎರಡನೆಯದು ಇದೆ ಮತ್ತು ಇತ್ತು ಎಂಬ ಭೇದ. ಗಡ್ಡೆಯನ್ನು ತೆಗೆದಾಗಿದೆ, ಆ ಜಾಗಕ್ಕೆ ಮುಂದೆ ಯಾವ ಚಿಕಿತ್ಸೆಯೂ ನಡೆಯುತ್ತಿಲ್ಲ, ರೋಗ ಉಳಿದಿರುವ ಕುರುಹೂ ಇಲ್ಲ. ಅಂಥವರನ್ನು ಕ್ಯಾನ್ಸರ್ ರೋಗಿ ಎಂದು ಬರೆಯಬಾರದು. ಹಿಂದೆ ರೋಗವಿತ್ತು ಎಂದು ಸೂಚಿಸುವ 'ಝಡ್85' ವರ್ಗದ ಸಂಕೇತ ಕೊಡಬೇಕು. ಆದರೆ ಶಸ್ತ್ರಚಿಕಿತ್ಸೆ ಮುಗಿದರೂ ಅದೇ ರೋಗಕ್ಕೆ ಕಿಮೋಥೆರಪಿ ಇನ್ನೂ ನಡೆಯುತ್ತಿದ್ದರೆ, ರೋಗ ಇದೆ ಎಂದೇ ಬರೆಯಬೇಕು. ಗುಣಹೊಂದಿದ ತಾಯಿಯೊಬ್ಬಳನ್ನು ಕಾಗದದ ಮೇಲೆ ಜೀವನಪರ್ಯಂತ ರೋಗಿಯಾಗಿ ಇರಿಸುವುದು ಎಂಥ ಅನ್ಯಾಯವೆಂಬುದನ್ನು, ಆ ರೋಗವನ್ನು ಗೆದ್ದು ಬಂದವರು ಮನೆಯಲ್ಲಿದ್ದರೆ ಅವರನ್ನೇ ಕೇಳಿ ತಿಳಿಯಬಹುದು.

ಮೂರನೆಯದು ಅತ್ಯಂತ ಸೂಕ್ಷ್ಮವಾದದ್ದು. ಗಡ್ಡೆಯ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ತಜ್ಞರು ಅದು ಸೌಮ್ಯವೋ ಮಾರಕವೋ ಎಂದು ನಿರ್ಣಯಿಸಲು ಆಗದೆಂದು ಬರೆದರೆ 'ಡಿ37'ರಿಂದ 'ಡಿ48'ರವರೆಗಿನ ವರ್ಗ. ಗಡ್ಡೆಯ ಸ್ವಭಾವವನ್ನು ಕಡತದಲ್ಲಿ ಯಾರೂ ಹೇಳಿಯೇ ಇಲ್ಲದಿದ್ದರೆ 'ಡಿ49'. ಪರಿಶೀಲಿಸಿದ ಮೇಲೂ ನಿರ್ಣಯಕ್ಕೆ ಸಿಕ್ಕದ್ದು ಒಂದು, ಇನ್ನೂ ತಿಳಿಸದಿರುವುದು ಇನ್ನೊಂದು. ಇವೆರಡನ್ನೂ ಬೆರೆಸಬಾರದೆಂದು ತರ್ಕಶಾಸ್ತ್ರದ ಮೇಷ್ಟರು ಹೇಳುವ ಮಾತನ್ನೇ ಇಲ್ಲಿ ಸಂಕೇತ ಪುಸ್ತಕ ಹೇಳುತ್ತದೆ. ಹೊರರೋಗಿ ವಿಭಾಗದ ಕಡತದಲ್ಲಿ ವೈದ್ಯರು "ಕ್ಯಾನ್ಸರ್ ಇರಬಹುದು" ಎಂದಷ್ಟೇ ಬರೆದಿದ್ದರೆ ಕೋಡರು ಕ್ಯಾನ್ಸರ್ ಎಂದು ದಾಖಲಿಸುವಂತಿಲ್ಲ. ಸ್ತನದಲ್ಲಿ ಗಂಟು ಕಂಡಿದೆ ಎಂಬಷ್ಟನ್ನೇ ಹೇಳಬೇಕು; ಅದಕ್ಕೆ 'ಎನ್63' ಇದೆ.

ನಾಲ್ಕನೆಯದು ಕ್ರಮ. ರೋಗಿ ಕಿಮೋಥೆರಪಿಗೆಂದೇ ಬಂದಿದ್ದರೆ ಮೊದಲು 'ಝಡ್51.11', ಆಮೇಲೆ ಕ್ಯಾನ್ಸರಿನ ಸಂಕೇತ. ರಕ್ತಹೀನತೆಗೆ ಚಿಕಿತ್ಸೆ ಪಡೆಯಲು ಬಂದಿದ್ದರೆ, ಅದು ಕ್ಯಾನ್ಸರಿನಿಂದಲೇ ಆದದ್ದೋ ಕಿಮೋಥೆರಪಿಯ ಔಷಧಿಯಿಂದ ಆದದ್ದೋ ಎಂದು ನೋಡಬೇಕು. ಕ್ಯಾನ್ಸರಿನಿಂದ ಆದದ್ದಾದರೆ ಮೊದಲು ಕ್ಯಾನ್ಸರಿನ ಸಂಕೇತ. ಔಷಧಿಯಿಂದ ಆದದ್ದಾದರೆ ಮೊದಲು ರಕ್ತಹೀನತೆಯ ಸಂಕೇತ. ಕಾರಣವನ್ನು ಅರಿಯದೆ ಕ್ರಮ ತಿಳಿಯದು.

ಇನ್ನು ಲೆಕ್ಕ. ರಕ್ತನಾಳದ ಮೂಲಕ ಕಿಮೋಥೆರಪಿ ಔಷಧಿಯನ್ನು ಹನಿಹನಿಯಾಗಿ ಇಳಿಸುವುದಕ್ಕೆ ಮೊದಲ ಒಂದು ಗಂಟೆಯವರೆಗೆ '96413' ಎಂಬ ಸಂಕೇತ, ಮುಂದಿನ ಪ್ರತಿ ಗಂಟೆಗೆ '96415'. ಆದರೆ ಎರಡನೆಯದನ್ನು ಸೇರಿಸಲು ಮೊದಲ ಗಂಟೆಯ ಮೇಲೆ 30 ನಿಮಿಷಕ್ಕಿಂತ ಹೆಚ್ಚು ಕಳೆದಿರಬೇಕು. ಹತ್ತು ಗಂಟೆಗೆ ಆರಂಭವಾಗಿ 11.25ಕ್ಕೆ ಮುಗಿದರೆ ಮೊದಲ ಸಂಕೇತ ಮಾತ್ರ, 11.35ಕ್ಕೆ ಮುಗಿದರೆ ಎರಡೂ. ಮುಗಿದ ಹೊತ್ತನ್ನು ನರ್ಸ್ ಬರೆಯದೆ ಬಿಟ್ಟಿದ್ದರೆ ಕೋಡರು ಊಹಿಸಿ ತುಂಬುವಂತಿಲ್ಲ. ಔಷಧಿಗೂ ಹೀಗೆಯೇ. ಡಾಕ್ಸೊರುಬಿಸಿನ್ ಎಂಬ ಔಷಧಿಯ 'ಜೆ9000' ಸಂಕೇತ 10 ಮಿಲಿಗ್ರಾಂಗೆ ಒಂದು ಘಟಕ. 80 ಮಿಲಿಗ್ರಾಂ ಕೊಟ್ಟರೆ 8 ಘಟಕ. ಆತುರದಲ್ಲಿ 80 ಎಂದು ಬರೆದರೆ ಬಿಲ್ಲು ಹತ್ತು ಪಟ್ಟಾಗುತ್ತದೆ. ಕ್ಯಾನ್ಸರಿನ ಔಷಧಿಗಳು ಎಷ್ಟು ದುಬಾರಿ ಎಂಬುದನ್ನು ತಿಳಿದವರಿಗೆ ಈ ತಪ್ಪಿನ ಭಾರವನ್ನು ವಿವರಿಸಬೇಕಾಗಿಲ್ಲ.

ಹೀಗೆ ನೋಡಿದರೆ ಈ ಪರೀಕ್ಷೆ ನೆನಪಿನ ಶಕ್ತಿಯನ್ನು ಅಳೆಯುವುದಕ್ಕಿಂತ ಓದುವ ಶಿಸ್ತನ್ನು ಅಳೆಯುತ್ತದೆ. ಬರೆದದ್ದನ್ನು ಬಿಡಬಾರದು, ಬರೆಯದ್ದನ್ನು ಸೇರಿಸಬಾರದು. ಕಡಿಮೆ ಹೇಳುವುದೂ ಸುಳ್ಳು, ಹೆಚ್ಚು ಹೇಳುವುದೂ ಸುಳ್ಳು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ನಮ್ಮದೊಂದು ಸಲಹೆ. ತಮ್ಮ ಇಂಗ್ಲಿಷ್ ಸಾಲದೆಂದು ಅವರು ಕುಗ್ಗುತ್ತಾರೆ. ಕುಗ್ಗಿದವರು ಅರ್ಥವನ್ನು ಬಿಟ್ಟು ಸಂಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ. ಇದು ತಲೆಕೆಳಗಾದ ದಾರಿ. ಮೊದಲು ದೇಹವನ್ನೂ ರೋಗವನ್ನೂ ಕನ್ನಡದಲ್ಲಿ ಅರಿಯಿರಿ. ದುಗ್ಧಗ್ರಂಥಿ ಎಲ್ಲಿದೆ, ಅಸ್ಥಿಮಜ್ಜೆ ಏನು ಮಾಡುತ್ತದೆ, ಬಿಳಿ ರಕ್ತಕಣ ಕಡಿಮೆಯಾದರೆ ಜ್ವರ ಏಕೆ ಅಪಾಯ ಎಂಬುದನ್ನು ಮನೆಯಲ್ಲಿ ಅವ್ವನಿಗೆ ತಿಳಿಯುವಂತೆ ಹೇಳಿ ನೋಡಿರಿ. ಹೇಳಲು ಬಂದರೆ ನಿಮಗೆ ಅರ್ಥವಾಗಿದೆ. ಬರದಿದ್ದರೆ ಇನ್ನೊಮ್ಮೆ ಓದಬೇಕಾಗಿದೆ. ಅನಂತರ ಇಂಗ್ಲಿಷ್ ಪದಗಳನ್ನು ಬಿಡಿಸಿ ಕಲಿಯಿರಿ. ಸಂಕೇತ ಪುಸ್ತಕದ ಆರಂಭದ ನಿಯಮಗಳನ್ನು ಬಿಟ್ಟು ಪಟ್ಟಿಗೆ ಹಾರಬೇಡಿರಿ; ಕ್ಯಾನ್ಸರಿನ ಅಧ್ಯಾಯದ ನಿಯಮಗಳನ್ನು ಮತ್ತೆ ಮತ್ತೆ ಓದಿರಿ. ದಿನಕ್ಕೆ ಹತ್ತು ಕಡತಗಳನ್ನಾದರೂ ಗಡಿಯಾರವಿಟ್ಟು ಬಿಡಿಸಿ, ತಪ್ಪಿದ್ದು ಏಕೆ ತಪ್ಪಿತೆಂದು ಒಂದು ವಹಿಯಲ್ಲಿ ಬರೆದಿಡಿರಿ. ಹಳೆಯ ವರ್ಷದ ಪುಸ್ತಕವನ್ನು ಅಗ್ಗಕ್ಕೆ ಕೊಂಡು ಓದುವುದು ನಷ್ಟದ ವ್ಯವಹಾರ: ರೋಗ ಸಂಕೇತಗಳು ಪ್ರತಿ ಅಕ್ಟೋಬರಿನಲ್ಲಿ, ಚಿಕಿತ್ಸಾ ಸಂಕೇತಗಳು ಪ್ರತಿ ಜನವರಿಯಲ್ಲಿ ಬದಲಾಗುತ್ತವೆ.

ಪಾಲಕರಿಗೂ ಎರಡು ಮಾತು. ಕೆಲವೇ ವಾರಗಳಲ್ಲಿ ಕೋಡಿಂಗ್ ಕಲಿಸಿ ನೌಕರಿ ಖಾತ್ರಿ ಎನ್ನುವವರಿಗೆ ಹೊಲ ಒತ್ತೆಯಿಟ್ಟು ಹಣ ಕಟ್ಟಬೇಡಿರಿ. ವಿಶೇಷ ಪರೀಕ್ಷೆ ಹೊಸಬರಿಗಾಗಿ ಇರುವುದಲ್ಲ. ಆ ವಿಭಾಗದಲ್ಲಿ ಎರಡು ವರ್ಷ ದುಡಿದ ಮೇಲೆ ಬರೆಯುವುದು ಲೇಸೆಂದು ಪರೀಕ್ಷೆ ನಡೆಸುವ ಸಂಸ್ಥೆಯೇ ಹೇಳುತ್ತದೆ. ತೇರ್ಗಡೆಯಾದ ಮೇಲೂ ಪ್ರಮಾಣಪತ್ರ ಉಳಿಯಬೇಕಾದರೆ ಸದಸ್ಯತ್ವದ ಹಣ ಕಟ್ಟುತ್ತಿರಬೇಕು, ಎರಡು ವರ್ಷಕ್ಕೊಮ್ಮೆ ನಿರಂತರ ಕಲಿಕೆಯ ಲೆಕ್ಕ ಒಪ್ಪಿಸಬೇಕು. ಕಂಪ್ಯೂಟರೇ ಕಡತ ಓದಿ ಸಂಕೇತ ಸೂಚಿಸುವ ಕಾಲವೂ ಬಂದಿದೆ. ಸುಲಭದ ಕಡತಗಳನ್ನು ಅದು ಕಸಿದುಕೊಳ್ಳುವ ಸಂಭವ ಇದ್ದೇ ಇದೆ. ಕಷ್ಟದವುಗಳನ್ನು ಅರಿತು ಓದಬಲ್ಲವರ ಬೆಲೆ ಅಷ್ಟು ಬೇಗ ಕುಂದದು.

ಈ ವಿದ್ಯೆ ಪರದೇಶದ ಬಿಲ್ಲಿಗೆ ಮಾತ್ರ ಮೀಸಲೆಂದು ತಿಳಿಯಬಾರದು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1982ರಿಂದ ಆ ನಗರದ ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಯಾರಿಗೆ, ದೇಹದ ಯಾವ ಭಾಗದಲ್ಲಿ, ಯಾವ ಬಗೆಯ ರೋಗ ಬಂತು ಎಂಬುದನ್ನು ಅಲ್ಲಿಯೂ ಸಂಕೇತಗಳಲ್ಲಿಯೇ ದಾಖಲಿಸುತ್ತಾರೆ. ಗಡ್ಡೆಗಳಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ 1976ರಲ್ಲಿ ಬೇರೆ ವರ್ಗೀಕರಣವನ್ನು ಹೊರತಂದಿತ್ತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿಯೂ ಬಡ ರೋಗಿಯ ಚಿಕಿತ್ಸೆಗೆ ಮಂಜೂರಾತಿ ದೊರೆಯುವುದು ಗೊತ್ತುಪಡಿಸಿದ ಸಂಕೇತದ ಮೇಲೆಯೇ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯ ಮುಂದೆ ಕಡತ ಹಿಡಿದು ನಿಂತವರಲ್ಲಿ ನಮ್ಮ ತಾಲೂಕುಗಳವರೂ ಇರುತ್ತಾರೆ. ತಂಬಾಕು, ಗುಟ್ಕಾ ಜಗಿದು ಕೆನ್ನೆಯ ಒಳಭಾಗದಲ್ಲಿ ಹುಣ್ಣಾದವನ ರೋಗಕ್ಕೆ 'ಸಿ06.0' ಎಂಬ ಸಂಕೇತ. ಅಂಥ ಸಂಕೇತಗಳನ್ನು ಸರಿಯಾಗಿ ಬರೆದು ಕೂಡಿಸಿದಾಗಲೇ ಯಾವ ಸೀಮೆಯಲ್ಲಿ ಯಾವ ವ್ಯಸನ ಎಷ್ಟು ಜನರನ್ನು ತಿನ್ನುತ್ತಿದೆ ಎಂಬುದು ಸರಕಾರಕ್ಕೂ ಸಮಾಜಕ್ಕೂ ಕಾಣುತ್ತದೆ.

ದೇವಿಕೊಪ್ಪದ ಮನೆಯಲ್ಲಿ ರಾತ್ರಿ ದೀಪ ಉರಿಸಿ ಓದುವ ಮಗಳು ತಾನು ಸಂಕೇತ ಬರೆಯುವ ರೋಗಿಯ ಮುಖವನ್ನು ಎಂದೂ ಕಾಣಲಾರಳು. ಆ ರೋಗಿಯೂ ಇವಳ ಹೆಸರನ್ನು ಕೇಳಲಾರಳು. ಆದರೂ ಆ ಹೆಂಗಸಿನ ಔಷಧಿಯ ಹಣ ಸಕಾಲಕ್ಕೆ ಮಂಜೂರಾಗುವುದೂ, ಗುಣವಾದ ಬಳಿಕ ಆಕೆ ಗುಣವಾದವಳೆಂದೇ ದಾಖಲಾಗುವುದೂ ಇವಳ ಎರಡು ನಿಮಿಷದ ಎಚ್ಚರವನ್ನು ಅವಲಂಬಿಸಿದೆ. ಆದುದರಿಂದ ಅಭ್ಯರ್ಥಿಗಳು ಪರೀಕ್ಷೆ ಮುಗಿದೊಡನೆ ಈ ಓದಿನ ಶಿಸ್ತನ್ನು ಪುಸ್ತಕದೊಡನೆ ಕಟ್ಟಿಡದೆ ದಿನದ ಕೆಲಸದಲ್ಲಿಯೂ ಉಳಿಸಿಕೊಳ್ಳಲಿ, ಮನೆಯವರು ಆ ಓದಿಗೆ ಬೇಕಾದ ಹೊತ್ತನ್ನೂ ಮೌನವನ್ನೂ ಒದಗಿಸಿಕೊಡಲಿ ಎಂದು ನಾವು ಹಾರೈಸುತ್ತೇವೆ.