ಹಗ್ಗದ ಆಸರೆಯಿಲ್ಲದೆ ನಿಲ್ಲುವ ಕೂವೆಕಂಬ

1960ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟುವ ಮೊದಲ ಸ್ಪರ್ಧೆ ನಡೆದಾಗ ಬ್ಲಾಂಡಿ ಹ್ಯಾಸ್ಲರ್ 25 ಅಡಿಯ ‘ಜೆಸ್ಟರ್’ ದೋಣಿಯಲ್ಲಿ 48 ದಿನಕ್ಕೆ ಅಮೆರಿಕ ಮುಟ್ಟಿ ಎರಡನೆಯವರಾದರು. ಆ ದೋಣಿಗಿದ್ದದ್ದು ಅಡ್ಡಪಟ್ಟಿಗಳನ್ನು ಕಟ್ಟಿದ ಚೀನೀ ಮಾದರಿಯ ಜಂಕ್ ಹಾಯಿ. ಮಾಮೂಲಿ ಹಾಯಿದೋಣಿಯ ಕೂವೆಕಂಬವನ್ನು ಉಕ್ಕಿನ ತಂತಿಗಳು ಸುತ್ತಲಿಂದ ಎಳೆದು ಹಿಡಿದಿರುತ್ತವೆ. ಜಂಕ್ ಹಾಯಿಯ ಕಂಬ ಸಾಮಾನ್ಯವಾಗಿ ತೋಟದ ಅಡಿಕೆ ಮರದಂತೆ ಬುಡದ ಬಲದಲ್ಲೇ ಗಾಳಿಗೆ ಬಾಗಿ ನಿಲ್ಲುತ್ತದೆ. ಹಳೆಯ ಫೈಬರ್ ದೋಣಿಗೆ ಜಂಕ್ ಹಾಯಿ ಏರಿಸಹೊರಟವರಿಗೆ ತೊಡಕಾಗುವುದು ಹಾಯಿಯಲ್ಲ, ಈ ಬುಡ: ಡೆಕ್ಕಿನ ತೂತಿನಲ್ಲಿ ಕಂಬವನ್ನು ಹಿಡಿಯುವ ಕೊರಳಪಟ್ಟಿ ಮತ್ತು ದೋಣಿಯ ತಳದಲ್ಲಿ ಕಂಬದ ಕಾಲು ಕೂರುವ ಗುಳಿ. ಇವೆರಡನ್ನೂ ಲೋಹದಲ್ಲಿ ಮಾಡಿಸಿ ಬೋಲ್ಟ್ ಹಾಕುವುದಕ್ಕಿಂತ ಗಾಜಿನ ನಾರು ಮತ್ತು ಎಪಾಕ್ಸಿಯಿಂದ ದೋಣಿಯ ಮೈಗೇ ಬೆಸೆಯುವುದು ಮೇಲು ಎನ್ನುವುದಕ್ಕೆ ಲೆಕ್ಕವೇ ಸಾಕ್ಷಿ.

ಎರಡೂವರೆ ಟನ್ ತೂಕದ ದೋಣಿಯೊಂದನ್ನು ಊಹಿಸಿಕೊಳ್ಳಿ. ಗಾಳಿಗೆ ವಾಲಿದಾಗ ಅದನ್ನು ನೆಟ್ಟಗೆ ಮಾಡುವ ಸನ್ನೆಯ ಉದ್ದ 40 ಸೆಂಟಿಮೀಟರ್ ಎಂದಾದರೆ, ಒಂದು ಮೀಟರ್ ಸನ್ನೆಕೋಲಿನ ತುದಿಗೆ ಒಂದು ಟನ್ ತೂಗುಹಾಕಿದಷ್ಟು ತಿರುಚುಬಲ ಕಂಬದ ಬುಡಕ್ಕೆ ಬರುತ್ತದೆ. ಡೆಕ್ಕಿಗೂ ತಳಕ್ಕೂ ಒಂದು ಮೀಟರ್ ಅಂತರವಿದ್ದರೆ ಕೊರಳಪಟ್ಟಿ ಹೆಚ್ಚುಕಮ್ಮಿ ಒಂದು ಟನ್ ಬಲವನ್ನು ಅಡ್ಡಡ್ಡಲಾಗಿ ತಡೆಯಬೇಕು. ಅರ್ಧ ಮೀಟರ್ ಮಾತ್ರ ಇದ್ದರೆ ಎರಡು ಟನ್. ಅನೇಕ ಫೈಬರ್ ಡೆಕ್ಕುಗಳಾದರೋ ಎರಡು ತೆಳು ಪದರಗಳ ನಡುವೆ ಹಗುರ ಬಾಲ್ಸಾ ಮರ ತುಂಬಿದ ರಚನೆಗಳು. 8 ಮಿಲಿಮೀಟರ್ ದಪ್ಪದ ನಾಲ್ಕು ಬೋಲ್ಟುಗಳು 3 ಮಿಲಿಮೀಟರ್ ಪದರವನ್ನು ಒತ್ತುವ ಜಾಗ ಒಟ್ಟು 96 ಚದರ ಮಿಲಿಮೀಟರ್ ಅಷ್ಟೆ. ಅದೇ ಬಲ 40 ಸೆಂಟಿಮೀಟರ್ ಚೌಕದ ಅಂಟಿನ ಮೇಲೆ ಹರಡಿದರೆ ಜಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು. ಬೋಲ್ಟಿನ ತೂತಿನಿಂದ ನೀರಿಳಿದು ಬಾಲ್ಸಾ ಕೊಳೆಯುವ ಪ್ರಮೇಯವೂ ತಪ್ಪುತ್ತದೆ. ಆದರೆ ಕಂಬದ ತೂತಿನ ಸುತ್ತಲಿನ ಬಾಲ್ಸಾವನ್ನು ಮೊದಲೇ ಕೆರೆದು ತೆಗೆದು ಗಟ್ಟಿ ಎಪಾಕ್ಸಿ ತುಂಬಿರಬೇಕು.

ಅಲ್ಯೂಮಿನಿಯಂಗೆ ಹೋಲಿಸಿದರೆ ಗಾಜಿನ ನಾರಿನ ಹಾಸು ಮೆದುವಲ್ಲವೇ? ನಿಜ, ಕತ್ತರಿಸಿದ ನಾರಿನ ಮ್ಯಾಟ್‌ನಿಂದ ಕೈಯಲ್ಲಿ ಮಾಡಿದ ಹಾಸಿನ ಬಿಗಿತ ಅದರ ಹತ್ತನೇ ಒಂದು ಪಾಲಿನಷ್ಟು. ಆದರೆ ಹಾಸಿನ ದಪ್ಪ ಇಮ್ಮಡಿಯಾದರೆ ಬಾಗುವಿಕೆಗೆ ಒಡ್ಡುವ ತಡೆ ಎಂಟು ಮಡಿಯಾಗುತ್ತದೆ. ಮೇಲಾಗಿ, ಬಾಗುವ ಡೆಕ್ಕಿನ ಮೇಲೆ ಬಾಗದ ತಗಡು ಕೂತರೆ ಅದರ ಅಂಚಿನಲ್ಲೇ ಬಿರುಕು ಶುರುವಾಗುತ್ತದೆ. ನಾರಿನ ಪದರಗಳನ್ನು ಒಂದಕ್ಕಿಂತ ಒಂದು ಅಗಲವಾಗಿ ಹಾಸಿ ಅಂಚನ್ನು ತೆಳುವಾಗಿಸಿದರೆ ಬಲ ಮೆಲ್ಲಗೆ ಇಳಿದುಹೋಗುತ್ತದೆ. ಲೋಹದಲ್ಲಿ ಈ ಕುಸುರಿ ದುಬಾರಿ.

ಕೈಕೆಲಸವನ್ನು ಹೇಗೆ ನಂಬುವುದು ಎಂಬ ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಹಳೆಯ ಹೊಳಪು ಮೇಲ್ಮೈಯನ್ನು ಉಜ್ಜಿ ಒರಟು ಮಾಡದಿದ್ದರೆ ಎಂಥ ಅಂಟೂ ಸಿಪ್ಪೆಯಂತೆ ಏಳುತ್ತದೆ. ಚೂಪು ಮೂಲೆಯಲ್ಲಿ ನಾರು ಬಾಗದೆ ಗಾಳಿಗುಳ್ಳೆ ಉಳಿಯುವುದರಿಂದ, ಎಪಾಕ್ಸಿ ಕಣಕದಿಂದ ಮೂಲೆಯನ್ನು ಮೊದಲು ದುಂಡಗೆ ಮಾಡಿಕೊಳ್ಳಬೇಕು. ಅದೇ ದಿನ, ಅದೇ ಮಿಶ್ರಣದಲ್ಲಿ ಪಕ್ಕದಲ್ಲೊಂದು ಚೂರು ಮಾಡಿಟ್ಟು ಮುರಿದು ನೋಡುವುದು ಅಗ್ಗದ ಪರೀಕ್ಷೆ. ಕೋಣೆಯ ಶಾಖದಲ್ಲೇ ಗಟ್ಟಿಯಾದ ಎಪಾಕ್ಸಿ 50–60 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಬಿಸಿಲಿಗೆ ಬಿದ್ದ ಕಪ್ಪು ಬಣ್ಣದ ಡೆಕ್ ಅಷ್ಟು ಕಾಯುವುದು ಕಷ್ಟವೇನಲ್ಲ, ಹಾಗಾಗಿ ಕೊರಳಪಟ್ಟಿಗೆ ಬಿಳಿ ಬಣ್ಣ ಬಳಿಯುವುದು ಬರೀ ಅಲಂಕಾರವಲ್ಲ. ಇನ್ನು ಲೋಹ ಪೂರ್ತಿ ಬೇಡವೆಂದೂ ಅಲ್ಲ. ದೋಣಿ ಮಗುಚಿದಾಗ ಕಂಬ ಗುಳಿಯಿಂದ ಜಾರಿಹೋಗದಂತೆ ಅದರ ಕಾಲಿಗೆ ಅಡ್ಡಲಾಗಿ ಒಂದು ಸ್ಟೀಲ್ ಬೋಲ್ಟ್ ಬೇಕು. ಕಂಬ ಅಲ್ಯೂಮಿನಿಯಂನದಾದರೆ ಉಪ್ಪುನೀರಿನಲ್ಲಿ ಸ್ಟೀಲಿನ ಸಂಗದಿಂದ ಅದು ಸವೆಯದಂತೆ ಬೋಲ್ಟಿಗೆ ನೈಲಾನ್ ಕೊಳವೆ ತೊಡಿಸಬೇಕು.